14 ಸಪ್ಲೈಯರ್, ಒಂದೇ ಕೆಮಿಕಲ್‌ಗೆ 14 ಹೆಸರು. ಬದಲಿ ಮಾಲು ಹುಡುಕೋದು ಹೇಗೆ?

ಪೀಣ್ಯ_ಹುಡುಗ
ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಯುನಿಟ್ ಇದೆ. ಫ್ಲೋರ್ ಕ್ಲೀನರ್, ಪಾತ್ರೆ ತೊಳೆಯುವ ಲಿಕ್ವಿಡ್, ಜೊತೆಗೆ ಗಾರ್ಮೆಂಟ್ ವಾಷಿಂಗ್‌ನವರಿಗೆ ಬೇಕಾಗುವ ನಾಲ್ಕೈದು ಐಟಂ ಮಾಡುತ್ತೇವೆ. ಇಷ್ಟು ವರ್ಷ ಪರ್ಚೇಸ್ ಪೂರ್ತಿ ಅಪ್ಪನೇ ನೋಡುತ್ತಿದ್ದರು. ಮಂಡಿ ಆಪರೇಷನ್ ಆದ ಮೇಲೆ ಅವರು ಮನೆಯಲ್ಲಿದ್ದಾರೆ. ಕೆಲಸ ನನ್ನ ತಲೆಗೆ ಬಂದಿದೆ.

ನಮಗೆ 14 ಸಪ್ಲೈಯರ್‌ಗಳು. ಕೆಲವರು ಎಕ್ಸೆಲ್ ಕಳಿಸುತ್ತಾರೆ, ಕೆಲವರು ಪಿಡಿಎಫ್. ಇಬ್ಬರು ಪ್ರಿಂಟ್ ತೆಗೆದ ಹಾಳೆಯ ಫೋಟೋ ಹೊಡೆದು ವಾಟ್ಸಾಪ್ ಮಾಡುತ್ತಾರೆ, ಅದರಲ್ಲೂ ಒಬ್ಬರದು ಯಾವಾಗಲೂ ಅಡ್ಡಡ್ಡ. ಎಲ್ಲ ಸೇರಿಸಿದರೆ 3,800 ಸಾಲು ಆಯಿತು.

ಹೋದ ತಿಂಗಳು ಸೋಡಿಯಂ ಥಯೋಸಲ್ಫೇಟ್ ಖಾಲಿ. ಮಾಮೂಲಿ ಸಪ್ಲೈಯರ್ ಹತ್ತು ದಿನ ಸ್ಟಾಕ್ ಇಲ್ಲ ಅಂದರು. ಎಲ್ಲ ಫೈಲ್‌ನಲ್ಲೂ ಆ ಹೆಸರು ಹುಡುಕಿದೆ, ಸಿಗಲಿಲ್ಲ. ಚೆನ್ನೈಯಿಂದ ಜಾಸ್ತಿ ರೇಟು, ಲಾರಿ ಬಾಡಿಗೆ ಎರಡನ್ನೂ ಕೊಟ್ಟು ತರಿಸಿದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಯಾಕೋ, ಯಶವಂತಪುರದವರ ಹತ್ರ ಹೈಪೋ ಇರುತ್ತಲ್ಲ" ಅಂದರು. ಲಿಸ್ಟಿನಲ್ಲಿ ಇತ್ತು! ಸರಿ ಅಂತ ಎಲ್ಲ ಫೈಲ್‌ನಲ್ಲಿ 'ಹೈಪೋ' ಹುಡುಕಿದರೆ ನಾಲ್ಕು ಸಾಲು ಬಂತು. ಎರಡು ಥಯೋಸಲ್ಫೇಟ್, ಎರಡು ಸೋಡಿಯಂ ಹೈಪೋಕ್ಲೋರೈಟ್. ಒಂದು ಬ್ಲೀಚ್, ಇನ್ನೊಂದು ಬ್ಲೀಚನ್ನು ಕೊಲ್ಲುವುದು. ಇಬ್ಬರಿಗೂ ಒಂದೇ ಹೆಸರು.

ಎರಡನೇ ತಲೆನೋವು. ಒಬ್ಬ ವಾಷಿಂಗ್ ಕಸ್ಟಮರ್, "ಬಯ್ಯರ್ ಕಡೆಯಿಂದ ಲೆಟರ್ ಬಂದಿದೆ, ಎನ್‌ಪಿ-9 ಇರುವ ಸೋಪು ಬೇಡ" ಅಂದಿದ್ದಾರೆ. ಕೊಳೆ ಬಿಡಿಸಲು ಹಾಕುವ ಈ ಕೆಮಿಕಲ್ ಬದಲಿಗೆ ಏನು ಹಾಕುವುದು ಅಂತ ಇದೇ 3,800 ಸಾಲಲ್ಲಿ ಹುಡುಕಬೇಕು.

ಮೂರನೆಯದು ಕುತೂಹಲಕ್ಕೆ. ಒಂದು ಲಿಸ್ಟಿನಲ್ಲಿ "ಎಸ್‌ಎಸ್ ಪೌಡರ್ – ಸ್ಪೆಷಲ್" ಅಂತ ಇದೆ. ಅಪ್ಪನಿಗೂ ನೆನಪಿಲ್ಲ. ಏನಿರಬಹುದು?

ಎಕ್ಸೆಲ್_ಭಟ್ಟ
ಇಷ್ಟಕ್ಕೆ ಇಷ್ಟುದ್ದ ಬರೆದಿರಾ? ಕ್ಯಾಸ್ ನಂಬರ್ ಕಾಲಂ ಹಾಕಿ, ಅದರ ಮೇಲೆ ವಿ-ಲುಕಪ್ ಮಾಡಿ. ಮುಗೀತು.

ಡ್ರಮ್_ಖಾಲಿ
ಎಸ್‌ಎಸ್ ಅಂದರೆ ಸೋಡಿಯಂ ಸಲ್ಫೇಟ್. ವಾಷಿಂಗ್ ಪೌಡರ್‌ಗೆ ತುಂಬಲು ಹಾಕುತ್ತಾರೆ. ಒಂದು ಪ್ಲೇಟ್ ಬಜ್ಜಿ ಬೆಟ್.

ವಾಷಿಂಗ್_ಮಾಸ್ಟರ್
ಸೋಡಿಯಂ ಸಿಲಿಕೇಟ್ ಕೂಡ ಎಸ್‌ಎಸ್ಸೇ. ಸೋಡಿಯಂ ಸಲ್ಫೈಟ್ ಕೂಡ. ಬಜ್ಜಿ ರೆಡಿ ಇಟ್ಟಿರಿ.

ಪೀಣ್ಯ_ಹುಡುಗ
@ಎಕ್ಸೆಲ್_ಭಟ್ಟ ಸಾರ್, ಮೂರರಲ್ಲಿ ಒಂದು ಸಾಲಿಗೆ ಮಾತ್ರ ಕ್ಯಾಸ್ ನಂಬರ್ ಇದೆ. ಇರುವುದರಲ್ಲೂ ಕೆಲವು ತಾರೀಖು ಆಗಿವೆ. ಮೆಥಿಲೀನ್ ಕ್ಲೋರೈಡ್ ಎದುರಿಗೆ '2 ಸೆಪ್ಟೆಂಬರ್ 1975' ಅಂತ ಇದೆ. ನಾನು ಅದು ತಯಾರಾದ ದಿನ ಅಂದುಕೊಂಡಿದ್ದೆ.

ಎಕ್ಸೆಲ್_ಭಟ್ಟ
ಹಹ್ಹ. ಅದರ ನಂಬರ್ 75-09-2. ಎಕ್ಸೆಲ್ ಅದನ್ನು ವರ್ಷ-ತಿಂಗಳು-ದಿನ ಅಂತ ಓದಿಕೊಂಡಿದೆ. ಕಾಲಂನ ಫಾರ್ಮ್ಯಾಟ್ ಮೊದಲೇ 'ಟೆಕ್ಸ್ಟ್' ಮಾಡಿ, ಆಮೇಲೆ ಡೇಟಾ ಹಾಕಬೇಕು. ಹಾಕಿದ ಮೇಲೆ ಬದಲಿಸಿದರೆ ಅರ್ಥವಿಲ್ಲದ ಐದಂಕಿ ನಂಬರ್ ಬರುತ್ತದೆ.

ನಿಮ್ಮೊಬ್ಬರ ಗೋಳಲ್ಲ ಇದು. ವಿಜ್ಞಾನಿಗಳದೂ ಇದೇ ಕಥೆ. ಮನುಷ್ಯರ ಜೀನ್‌ಗಳಲ್ಲಿ 'ಮಾರ್ಚ್1', 'ಸೆಪ್ಟ್1' ಅಂತ ಹೆಸರುಗಳಿದ್ದವು. ಎಕ್ಸೆಲ್ ಅವನ್ನೂ ತಾರೀಖು ಮಾಡುತ್ತಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿದರು. ಆಗ ಎಕ್ಸೆಲ್ ಬದಲಾಗಲಿಲ್ಲ, ಜೀನ್ ಹೆಸರು ಬದಲಾಯಿತು!

ಕೋಡ್_ಕೋಸಂಬರಿ
ಕ್ಯಾಸ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ: ಅಮೆರಿಕನ್ ಕೆಮಿಕಲ್ ಸೊಸೈಟಿಯವರು 1965ರಿಂದ ಪ್ರತಿ ರಾಸಾಯನಿಕಕ್ಕೂ ಕೊಡುತ್ತಿರುವ ನಂಬರ್. ಆಧಾರ್ ಇದ್ದ ಹಾಗೆ. ಕೊನೆಯ ಅಂಕಿ ಚೆಕ್ ಮಾಡಲಿಕ್ಕೆ ಇರುವುದು. ನೀರಿನದು 7732-18-5. ಕೊನೆಯ 5 ಬಿಟ್ಟು ಬಲದಿಂದ ಎಡಕ್ಕೆ ಬನ್ನಿ. 8ನ್ನು 1ರಿಂದ, 1ನ್ನು 2ರಿಂದ, 2ನ್ನು 3ರಿಂದ, 3ನ್ನು 4ರಿಂದ, 7ನ್ನು 5ರಿಂದ, ಇನ್ನೊಂದು 7ನ್ನು 6ರಿಂದ ಗುಣಿಸಿ ಕೂಡಿ. 105 ಬರುತ್ತದೆ. ಕೊನೆಯ ಅಂಕಿ 5. ಸರಿ ಇದೆ ಅಂತ ಅರ್ಥ. ಎಕ್ಸೆಲ್‌ನಲ್ಲೇ ಒಂದು ಸೂತ್ರ ಬರೆದರೆ ಟೈಪಿಂಗ್ ತಪ್ಪೆಲ್ಲ ಕೆಂಪಾಗಿ ಕಾಣುತ್ತದೆ.

ಇನ್ನು ಹೆಸರು ಹೊಂದಿಸಲು ಪೈಥಾನ್‌ನಲ್ಲಿ ಫಜ್ಜಿ ಮ್ಯಾಚಿಂಗ್ ಇದೆ. ಎರಡು ಹೆಸರು ಎಷ್ಟು ಹೋಲುತ್ತವೆ ಅಂತ ನೂರಕ್ಕೆ ಅಂಕ ಕೊಡುತ್ತದೆ. 90 ದಾಟಿದ್ದನ್ನು ಒಂದೇ ಅಂತ ಇಟ್ಟುಕೊಳ್ಳಿ. 3,800 ಸಾಲು ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಟೈಟ್ರೇಷನ್_ಅಕ್ಕ
@ಕೋಡ್_ಕೋಸಂಬರಿ ದಯವಿಟ್ಟು ಬೇಡ ತಮ್ಮಾ. 18 ವರ್ಷದಿಂದ ಕ್ಯೂಸಿ (ಮಾಲಿನ ಗುಣಮಟ್ಟ ನೋಡುವ) ಲ್ಯಾಬಿನಲ್ಲಿದ್ದೇನೆ, ಇದು ಓದಿ ಎದೆ ಧಸಕ್ ಅಂತು.

ಇಂಗ್ಲಿಷಿನಲ್ಲಿ ಮೆಥನಾಲ್, ಎಥನಾಲ್ ಬರೆದು ನಿನ್ನ ಪ್ರೋಗ್ರಾಂಗೆ ಕೊಡು. 93 ಅಂಕ ಬರುತ್ತದೆ. ಸೋಡಿಯಂ ನೈಟ್ರೇಟ್, ಸೋಡಿಯಂ ನೈಟ್ರೈಟ್ ಕೊಡು. ಒಂದೇ ಅಕ್ಷರ ವ್ಯತ್ಯಾಸ, ಅದಕ್ಕೂ 93ರ ಹತ್ತಿರ. ಕ್ಲೋರೈಡ್, ಕ್ಲೋರೈಟ್, ಕ್ಲೋರೇಟ್ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಒಂದು ಅಡುಗೆ ಉಪ್ಪು, ಇನ್ನೊಂದು ಬೆಂಕಿಗೆ ತುಪ್ಪ. ಅದೇ 'ಕಾಸ್ಟಿಕ್ ಸೋಡಾ', 'ಸೋಡಿಯಂ ಹೈಡ್ರಾಕ್ಸೈಡ್' ಕೊಟ್ಟರೆ ನೂರಕ್ಕೆ ಐವತ್ತೂ ಬರಲಿಕ್ಕಿಲ್ಲ. ಎರಡೂ ಒಂದೇ ಮಾಲು!

ಒಂದೇ ಆಗಿರುವುದು ದೂರ, ಬೇರೆ ಆಗಿರುವುದು ಹತ್ತಿರ. ಕೆಮಿಕಲ್ ಹೆಸರುಗಳ ಹಣೆಬರಹವೇ ಇಷ್ಟು.

ಕೋಡ್_ಕೋಸಂಬರಿ
ಅಕ್ಕಾ, ಈಗಷ್ಟೇ ಹಾಕಿ ನೋಡಿದೆ. 93.3 ಬಂತು. ಮಾತು ವಾಪಸ್.

ಆದರೂ ಪೂರ್ತಿ ಬಿಡುವುದು ಬೇಡ. ಕಾಗುಣಿತದ ತಪ್ಪು ಹಿಡಿಯಲು ಇಟ್ಟುಕೊಳ್ಳೋಣ. ಅದು 'ಇರಬಹುದು' ಅಂತ ಹೇಳಲಿ, 'ಹೌದು' ಅನ್ನುವುದು ಮನುಷ್ಯರೇ ಆಗಿರಲಿ.

ಬೆಂಗಳೂರು_ಟ್ರಾಫಿಕ್
ಯಾರೂ ಎಐ ಅಂತ ಹೇಳಲೇ ಇಲ್ಲವಲ್ಲ? ಫೈಲ್ ಕೊಡಿ, ಟೇಬಲ್ ಮಾಡಿಕೊಡುತ್ತದೆ. ಇದು 1995 ಅಲ್ಲ ಗುರು.

ಪೀಣ್ಯ_ಹುಡುಗ
@ಬೆಂಗಳೂರು_ಟ್ರಾಫಿಕ್ ಮೊದಲು ಮಾಡಿದ್ದೇ ಅದು. 40 ಸಾಲು ಕೊಟ್ಟೆ. ಎಷ್ಟು ಚಂದದ ಟೇಬಲ್ ಅಂದರೆ ಫ್ರೇಮ್ ಹಾಕಿಸಬೇಕು ಅನಿಸಿತು. ಫೋಟೋದಲ್ಲಿದ್ದ ಅಡ್ಡಡ್ಡ ಲಿಸ್ಟನ್ನೂ ಓದಿತು. ಆದರೆ 'ಸಿಟ್ರಿಕ್ ಮೋನೋ' ಎದುರಿಗೆ 77-92-9 ಹಾಕಿತು. ನಾನು ಖುಷಿಯಿಂದ ಅಪ್ರೂವ್ ಮಾಡಿದೆ. ತಪ್ಪಾ ಅದು?

ಟೈಟ್ರೇಷನ್_ಅಕ್ಕ
ಅದು ನೀರಿಲ್ಲದ ಸಿಟ್ರಿಕ್‌ದು, ಅನ್‌ಹೈಡ್ರಸ್. ಮೋನೋಹೈಡ್ರೇಟ್‌ದು 5949-29-1. ಕೋಸಂಬರಿ ಹೇಳಿದ ಚೆಕ್ಕಿಂಗ್‌ನಲ್ಲಿ ಎರಡೂ ಪಾಸ್ ಆಗುತ್ತವೆ, ಯಾಕೆಂದರೆ ಎರಡೂ ನಿಜವಾದ ನಂಬರ್‌ಗಳೇ. ನಂಬರ್ ಸರಿ, ಮಾಲು ಬೇರೆ. ಮೋನೋದಲ್ಲಿ ನೂರು ಕೆಜಿಗೆ ಸುಮಾರು ಎಂಟೂವರೆ ಕೆಜಿ ನೀರು. ಅನ್‌ಹೈಡ್ರಸ್ 100 ಕೆಜಿ ಹಾಕುವ ಕಡೆ ಮೋನೋ 109 ಕೆಜಿ ಬೇಕು. ರೇಟಿನಲ್ಲಿ ಐದು ಪರ್ಸೆಂಟ್ ಕಡಿಮೆ ಅಂತ ಮೋನೋ ತಗೊಂಡರೆ ಲಾಸು.

ಇಲ್ಲಿಗೇ ನಿಲ್ಲುವುದಿಲ್ಲ. ಕಾಸ್ಟಿಕ್ ಫ್ಲೇಕ್ಸ್, ಕಾಸ್ಟಿಕ್ ಲೈ (ನೀರಿನಲ್ಲಿ ಕರಗಿಸಿದ್ದು) ಎರಡಕ್ಕೂ ಕ್ಯಾಸ್ ನಂಬರ್ 1310-73-2. ಫ್ಲೇಕ್ಸ್ 98 ಪರ್ಸೆಂಟ್, ಲೈ 48. ನೂರು ಕೆಜಿ ಫ್ಲೇಕ್ಸ್ ಜಾಗಕ್ಕೆ 204 ಕೆಜಿ ಲೈ ಬೇಕು, ಜೊತೆಗೆ ನಿಮ್ಮ ಫಾರ್ಮುಲಾದಲ್ಲಿ ಹೆಚ್ಚಾದ 104 ಕೆಜಿಯಷ್ಟು ನೀರು ಕಡಿಮೆ ಮಾಡಬೇಕು. ಡೈಯಿಂಗ್‌ನವರು 'ಗ್ಲೌಬರ್ ಸಾಲ್ಟ್' ಅನ್ನುತ್ತಾರಲ್ಲ, ಪುಸ್ತಕದ ಪ್ರಕಾರ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ, ಸೋಡಿಯಂ ಸಲ್ಫೇಟ್ 44 ಪರ್ಸೆಂಟ್ ಅಷ್ಟೇ. ಮಾರ್ಕೆಟ್‌ನಲ್ಲಿ ಅದೇ ಹೆಸರಿನಲ್ಲಿ ನೀರಿಲ್ಲದ ಸೋಡಿಯಂ ಸಲ್ಫೇಟನ್ನೂ ಮಾರುತ್ತಾರೆ.

ಅದಕ್ಕೇ ನನ್ನ ಶೀಟಿನಲ್ಲಿ ಕ್ಯಾಸ್ ಒಂದೇ ಕೀಲಿ ಅಲ್ಲ. ಕ್ಯಾಸ್, ರೂಪ (ಫ್ಲೇಕ್ಸೋ, ಲೈಯೋ, ಪುಡಿಯೋ), ನೂರಕ್ಕೆ ಎಷ್ಟು ಅಸಲಿ ಮಾಲು, ಗ್ರೇಡ್. ಈ ನಾಲ್ಕೂ ಹೊಂದಿದರೆ ಮಾತ್ರ 'ಒಂದೇ' ಅನ್ನುತ್ತೇನೆ.

ಕೋಡ್_ಕೋಸಂಬರಿ
ಇನ್ನೊಂದು ತಿದ್ದುಪಡಿ, ನನ್ನದೇ ಮಾತಿಗೆ. ಚೆಕ್ ಅಂಕಿ ಎಲ್ಲ ಟೈಪಿಂಗ್ ತಪ್ಪನ್ನೂ ಹಿಡಿಯುವುದಿಲ್ಲ. ಅಕ್ಕಪಕ್ಕದ ಅಂಕಿ ಅದಲುಬದಲಾದರೆ ಬಹುಮಟ್ಟಿಗೆ ಹಿಡಿಯುತ್ತದೆ. 2ರಿಂದ, 5ರಿಂದ ಗುಣಿಸುವ ಜಾಗದಲ್ಲಿ ಕೆಲವು ತಪ್ಪು ನುಸುಳಿಕೊಂಡು ಹೋಗುತ್ತವೆ. ನಂಬರ್ ಯಾವುದರದು ಅಂತ ನೋಡಲು 'ಕ್ಯಾಸ್ ಕಾಮನ್ ಕೆಮಿಸ್ಟ್ರಿ', 'ಪಬ್‌ಕೆಮ್' ಅನ್ನುವ ವೆಬ್‌ಸೈಟ್ ಎರಡೂ ಫ್ರೀ. ಪಬ್‌ಕೆಮ್‌ನಲ್ಲಿ ಒಂದೊಂದು ಕೆಮಿಕಲ್‌ಗೂ ಬೇರೆ ಬೇರೆ ಹೆಸರುಗಳ ಉದ್ದದ ಪಟ್ಟಿ ಇರುತ್ತದೆ, ಅದನ್ನೇ ಇಳಿಸಿಕೊಳ್ಳಬಹುದು.

ವಾಷಿಂಗ್_ಮಾಸ್ಟರ್
ಪಬ್‌ಕೆಮ್‌ನಲ್ಲಿ 'ಆಸಿಡ್ ಸ್ಲರಿ' ಅಂತ ಹುಡುಕಿದರೆ ನಮ್ಮ ಎಲ್‌ಎಬಿಎಸ್‌ಎ (ಸೋಪು ಲಿಕ್ವಿಡ್‌ನ ಕಚ್ಚಾ ಮಾಲು) ಬರುತ್ತಾ? 'ಹೈಡ್ರೋ' ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್ ಅಂತ ಅದಕ್ಕೆ ಗೊತ್ತಾ? ಪುಸ್ತಕದ ಹೆಸರು ಬೇರೆ, ಗೋಡೌನ್ ಹೆಸರು ಬೇರೆ ಸ್ವಾಮಿ.

ಹೈಪೋ ಕಥೆಗೆ ನನ್ನದೂ ಸೇರಿಸುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಡೆನಿಮ್ ಬ್ಲೀಚ್ ಆದ ಮೇಲೆ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆಯಬೇಕಿತ್ತು. ಹೊಸ ಹುಡುಗನಿಗೆ "ಹೈಪೋ ತಗೊಂಡು ಬಾರೋ" ಅಂದೆ. ಅವನು ಕ್ಯಾನ್ ಎತ್ತಿಕೊಂಡು ಬಂದ. ನಾನು ಚೀಲ ಬರುತ್ತೆ ಅಂತ ಕಾಯುತ್ತಿದ್ದೆ. ಕ್ಯಾನ್ ನೋಡಿ ಕೂಗಿದೆ, ಅಷ್ಟರಲ್ಲಿ ಅರ್ಧ ಸುರಿದಿದ್ದ. 300 ಪ್ಯಾಂಟು ಬೆಳ್ಳಗೆ, ಕೆಲವು ಕಡೆ ನೂಲು ಕೈಗೇ ಬಂತು. ಅವತ್ತಿನಿಂದ ನಮ್ಮಲ್ಲಿ 'ಚೀಲದ ಹೈಪೋ', 'ಕ್ಯಾನ್ ಹೈಪೋ' ಅಂತಲೇ ಕರೆಯುವುದು. ನಿಮ್ಮ ಅಪ್ಪನಿಗೂ ಇಂಥ ಹೆಸರುಗಳು ಇರುತ್ತವೆ. ಅವೆಲ್ಲ ಒಂದು ಕಾಲಂಗೆ ಬರಲಿ.

ಅಡಿಕೆ_ತೋಟ_ಶಿರಸಿ
ನಾನು ಕೆಮಿಕಲ್ ಲೈನಿನವನಲ್ಲ, ಆದರೆ ಇಷ್ಟು ಓದಿದ ಮೇಲೆ ಒಂದು ಪ್ರಶ್ನೆ. ಅಡಿಕೆ ಕೊಳೆ ರೋಗದ ಔಷಧಿಗೆ ಮೈಲುತುತ್ತ ತರಲು ಹೋಗಿದ್ದೆ. ಒಂದು ಚೀಲದ ಮೇಲೆ 98% ಅಂತ ಇತ್ತು, ಇನ್ನೊಂದರ ಮೇಲೆ 24%. ರೇಟು ಹತ್ತಿರ ಹತ್ತಿರ ಒಂದೇ. 24ರದ್ದು ಮೋಸ ಅಂತ ಅಂಗಡಿಯವನ ಹತ್ರ ಜಗಳ ಮಾಡಿಕೊಂಡು ಬಂದೆ. ಸರಿಯಾ?

ಟೈಟ್ರೇಷನ್_ಅಕ್ಕ
ಅಯ್ಯೋ, ಅಂಗಡಿಯವರ ಹತ್ರ ಕ್ಷಮೆ ಕೇಳಿ ಹೆಗಡೇರೆ (ಹೆಸರು ಊಹೆ, ಶಿರಸಿ ಅಂದಿರಲ್ಲ)! ಮೈಲುತುತ್ತ ಅಂದರೆ ಐದು ಅಣು ನೀರಿರುವ ಕಾಪರ್ ಸಲ್ಫೇಟ್. ಅದು ಪೂರ್ತಿ ಶುದ್ಧ ಇದ್ದರೂ ತಾಮ್ರ 25 ಪರ್ಸೆಂಟ್ ಚಿಲ್ಲರೆ ಮಾತ್ರ. ಒಬ್ಬರು ಹರಳು ಎಷ್ಟು ಶುದ್ಧ ಅಂತ ಬರೆದಿದ್ದಾರೆ, ಇನ್ನೊಬ್ಬರು ತಾಮ್ರ ಎಷ್ಟಿದೆ ಅಂತ ಬರೆದಿದ್ದಾರೆ. ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ.

@ಪೀಣ್ಯ_ಹುಡುಗ ಇದು ನಿಮ್ಮ ಲಿಸ್ಟಿನಲ್ಲೂ ಇರುತ್ತದೆ. ಪರ್ಸೆಂಟ್ ಅಂತ ಬರೆದಿದ್ದರೆ 'ಯಾವುದರ ಪರ್ಸೆಂಟ್' ಅಂತ ಪಕ್ಕದಲ್ಲಿ ಇನ್ನೊಂದು ಕಾಲಂ ಬೇಕೇ ಬೇಕು.

ಅಡಿಕೆ_ತೋಟ_ಶಿರಸಿ
ಹೆಗಡೆ ಅಲ್ಲ, ಭಟ್ಟ. ಆದರೂ ಹತ್ತಿರ ಬಂದಿರಿ 😄 ಹಾಗಾದರೆ 100 ಲೀಟರಿಗೆ 1 ಕೆಜಿ ತುತ್ತ, 1 ಕೆಜಿ ಸುಣ್ಣ ಅನ್ನುವ ಲೆಕ್ಕ ಎರಡಕ್ಕೂ ನಡೆಯುತ್ತೆ ಅಂತಾಯ್ತು. ಆದರೆ ಸುಣ್ಣದ ವಿಷಯದಲ್ಲಿ ಇಂಥದ್ದೇ ಕಿರಿಕ್ ಇದೆ. ಸುಟ್ಟ ಸುಣ್ಣವೋ, ಪಾಕೆಟ್ ಪುಡಿಯೋ? ನಮ್ಮ ಅಜ್ಜ ತೂಕ ನಂಬುತ್ತಿರಲಿಲ್ಲ. ದ್ರಾವಣದಲ್ಲಿ ಕತ್ತಿ ಅದ್ದಿ ತೆಗೆಯುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನೊಂದು ಹಿಡಿ ಹಾಕು.

ಡ್ರಮ್_ಖಾಲಿ
ಅಜ್ಜನ ಕತ್ತಿಗೆ ಯಾವ ಡೇಟಾಬೇಸೂ ಸಮ ಇಲ್ಲ.

ಹಳೇ_ಟ್ರೇಡರ್
ಎಲ್ಲರೂ ಸಪ್ಲೈಯರ್‌ಗಳನ್ನು ಬೈಯ್ಯುತ್ತಿದ್ದೀರಿ. ನಮ್ಮ ಕಡೆಯದೂ ಕೇಳಿ. 30 ವರ್ಷದಿಂದ ಇದೇ ವ್ಯಾಪಾರ.

ನಾನು ಲಿಸ್ಟಿನಲ್ಲಿ ಕ್ಯಾಸ್ ನಂಬರ್, ಪರ್ಸೆಂಟ್, ತಯಾರಕರ ಹೆಸರು ಎಲ್ಲ ಹಾಕಿ ಕಳಿಸಿದೆ ಅಂದುಕೊಳ್ಳಿ. ನೀವೇನು ಮಾಡುತ್ತೀರಿ? 14 ಜನರ ರೇಟು ಪಕ್ಕಪಕ್ಕ ಇಟ್ಟು, ಐವತ್ತು ಪೈಸೆ ಕಡಿಮೆ ಇರುವವನ ಹತ್ರ ಹೋಗುತ್ತೀರಿ. ಇಲ್ಲವೇ ನೇರ ತಯಾರಕರಿಗೇ ಫೋನ್ ಮಾಡುತ್ತೀರಿ. 45 ದಿನ ಸಾಲ ಕೊಟ್ಟವನು ನಾನು. ಭಾನುವಾರ ಗೋಡೌನ್ ತೆಗೆದು ಎರಡು ಚೀಲ ಕೊಟ್ಟವನೂ ನಾನು. ಆ ಕಾಲಂ ಎಲ್ಲಿದೆ ನಿಮ್ಮ ಶೀಟಿನಲ್ಲಿ? 'ಸ್ಪೆಷಲ್', 'ಸೂಪರ್' ಅಂತ ನಮ್ಮದೇ ಹೆಸರಿಡುವುದು ಸುಮ್ನೆ ಅಲ್ಲ.

ಎಕ್ಸೆಲ್_ಭಟ್ಟ
ಅಂದರೆ ಬೇಕಂತಲೇ ಗೊಂದಲ ಮಾಡುತ್ತೀರಿ ಅಂತ ಒಪ್ಪಿಕೊಂಡ ಹಾಗಾಯಿತು.

ಹಳೇ_ಟ್ರೇಡರ್
ವ್ಯಾಪಾರ ಮಾಡುತ್ತೇನೆ ಅಂತ ಒಪ್ಪಿಕೊಂಡೆ. ಎಂಎಸ್‌ಡಿಎಸ್ (ಮಾಲಿನ ಅಪಾಯ, ಸುರಕ್ಷತೆ ಹೇಳುವ ಹಾಳೆ) ಕೇಳಿದವರಿಗೆ ಯಾವತ್ತೂ ಇಲ್ಲ ಅಂದಿಲ್ಲ. ಕೇಳುವವರೇ ಕಡಿಮೆ. ಕೇಳಿದವರೂ ಆಡಿಟ್ ಹಿಂದಿನ ದಿನ ಕೇಳುತ್ತಾರೆ.

ಪೀಣ್ಯ_ಹುಡುಗ
@ಹಳೇ_ಟ್ರೇಡರ್ ಸಾರ್, ನೀವು ಹೇಳುವುದು ಸರಿ. ನನ್ನ ಉದ್ದೇಶ ಐವತ್ತು ಪೈಸೆ ಅಲ್ಲ. ಮಾಲು ಇಲ್ಲದಾಗ ಯಾರ ಹತ್ರ ಇದೆ ಅಂತ ಗೊತ್ತಾಗಬೇಕು, ಅಷ್ಟೇ. (ಐವತ್ತು ಪೈಸೆ ಸಿಕ್ಕರೆ ಬೇಡ ಅನ್ನಲ್ಲ.) ಸಾಲದ ದಿನ ಅಂತ ಒಂದು ಕಾಲಂ ಈಗಲೇ ಹಾಕಿದೆ.

ಇನ್ನೊಂದು ವಿಷಯ. ನಾನು ಎಲ್ಲರಿಗೂ "ಟಿಡಿಎಸ್ ಕಳಿಸಿ" ಅಂತ ಮೆಸೇಜ್ ಹಾಕಿದೆ. ಟೆಕ್ನಿಕಲ್ ಡೇಟಾ ಶೀಟ್ ಅಂತ. ಮೂರು ಜನರ ಅಕೌಂಟೆಂಟ್‌ಗಳು ಫೋನ್ ಮಾಡಿ "ಸಾರ್, ಟಿಡಿಎಸ್ ಕಟ್ ಮಾಡಬೇಕಾದವರು ನೀವು" ಅಂದರು.

ಬೆಂಗಳೂರು_ಟ್ರಾಫಿಕ್
😂😂 ಸರಿ, ಆದರೆ ಇಷ್ಟೆಲ್ಲ ಯಾಕೆ? ಇನ್‌ವಾಯ್ಸ್‌ನಲ್ಲಿ ಮಾಲು ಯಾವ ವರ್ಗದ್ದು ಅನ್ನುವ ಎಚ್‌ಎಸ್‌ಎನ್ ಕೋಡ್ ಇರುತ್ತಲ್ಲ, ಜಿಎಸ್‌ಟಿಗೆ ಕಡ್ಡಾಯ. ಅದರ ಮೇಲೆ ಹೊಂದಿಸಿ.

ಎಕ್ಸೆಲ್_ಭಟ್ಟ
ಎಚ್‌ಎಸ್‌ಎನ್ ಜರಡಿಯಾಗಿ ಸಾಕು, ಗುರುತಾಗಿ ಸಾಲದು. 2815 ಅಂದರೆ ಕಾಸ್ಟಿಕ್ ಗುಂಪು ಅಂತ ಗೊತ್ತಾಗುತ್ತದೆ. ಗಟ್ಟಿಯೋ ದ್ರವವೋ ಅನ್ನುವುದೂ ಮುಂದಿನ ಅಂಕಿಯಲ್ಲಿ ಬರುತ್ತದೆ. ಆದರೆ 3402 ಅಂದರೆ ಸೋಪು ಬಿಟ್ಟು ಉಳಿದ ಎಲ್ಲ ಸರ್ಫ್ಯಾಕ್ಟಂಟೂ (ಕೊಳೆ ಬಿಡಿಸುವ ಕೆಮಿಕಲ್) ಅದರಲ್ಲೇ. 3824 ಅಂತೂ ಎಲ್ಲೂ ಸೇರದ್ದನ್ನು ಎಸೆಯುವ ಬುಟ್ಟಿ. ಹೆಸರಿನಲ್ಲಿ 'ಸೋಡಿಯಂ ಹೈಡ್ರಾಕ್ಸೈಡ್' ಇದ್ದು ಕೋಡ್ 29ರಿಂದ ಶುರುವಾದರೆ ಏನೋ ಎಡವಟ್ಟು ಅಂತ ಹಿಡಿಯಬಹುದು, ಅಷ್ಟಕ್ಕೆ ಇಟ್ಟುಕೊಳ್ಳಿ.

ಕಡಲ_ಫಾರ್ಮಾ
ಮಂಗಳೂರಿನವ, ಔಷಧಿ ಲೈನು. ತಮಾಷೆ ಮಧ್ಯೆ ಒಂದು ಕಹಿ ವಿಷಯ ಹೇಳುತ್ತೇನೆ ಮಾರಾಯ್ರೆ.

2006ರಲ್ಲಿ ಪನಾಮಾ ದೇಶದಲ್ಲಿ ಸರ್ಕಾರದ ಕಡೆಯಿಂದಲೇ ತಯಾರಾದ ಕೆಮ್ಮಿನ ಸಿರಪ್ ಕುಡಿದು ನೂರರಷ್ಟು ಜನ ಸತ್ತರು. ಸಿರಪ್‌ಗೆ ಗ್ಲಿಸರಿನ್ ಹಾಕಬೇಕು. ಬಂದ ಡ್ರಮ್‌ನಲ್ಲಿ ಇದ್ದದ್ದು ಡೈಎಥಿಲೀನ್ ಗ್ಲೈಕಾಲ್ ಸೇರಿದ್ದ ನಕಲಿ ಮಾಲು. ನೋಡಲು ಎರಡೂ ಒಂದೇ ತರಹ, ಗಟ್ಟಿ, ಸಿಹಿ. ಆದರೆ ಈ ಗ್ಲೈಕಾಲ್ ಕಿಡ್ನಿ ಹಾಳು ಮಾಡುತ್ತದೆ. ಮಾಲು ಚೀನಾದಿಂದ ಹೊರಟಾಗ ಅದರ ಹೆಸರು 'ಟಿಡಿ ಗ್ಲಿಸರಿನ್'. ಟಿಡಿ ಅಂದರೆ ಚೀನೀ ಭಾಷೆಯ 'ತಿದಾಯ್' ಅನ್ನುವ ಮಾತಿನ ಗುರುತು. ಅರ್ಥ ಏನು ಗೊತ್ತಾ? ಬದಲಿ! ಬದಲಿ ಗ್ಲಿಸರಿನ್ ಅಂತ ಹೆಸರಿನಲ್ಲೇ ಇತ್ತು. ಒಬ್ಬ ವ್ಯಾಪಾರಿಯಿಂದ ಇನ್ನೊಬ್ಬನಿಗೆ ಹೋಗುವಾಗ ಯಾರೂ ಆ ಎರಡು ಅಕ್ಷರ ಏನು ಅಂತ ಕೇಳಲಿಲ್ಲ. ದಾರಿಯಲ್ಲಿ ಹೆಸರನ್ನು 'ಸರಿ' ಮಾಡಿದರು. ಸರ್ಟಿಫಿಕೇಟನ್ನು ತಮ್ಮ ಲೆಟರ್‌ಹೆಡ್‌ಗೆ ಟೈಪ್ ಮಾಡಿಕೊಂಡರು. ಕೊನೆಗೆ ಮುಟ್ಟುವಾಗ ಅದು ಶುದ್ಧ ಗ್ಲಿಸರಿನ್.

ನಮ್ಮಲ್ಲೂ ಆಗಿದೆ. 1986ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ಇಂಥದ್ದೇ ಗ್ಲಿಸರಿನ್‌ನಿಂದ 14 ಜನ ಹೋದರು. ಕೆಮ್ಮಿನ ಸಿರಪ್ ಕುಡಿದು ಸತ್ತ ಗ್ಯಾಂಬಿಯಾದ ಮಕ್ಕಳ ಸುದ್ದಿ 2022ರಲ್ಲಿ ನೀವೇ ಓದಿದ್ದೀರಿ.

ನೀವು ಮಾಡುವುದು ನೆಲ ಒರೆಸುವ ಲಿಕ್ವಿಡ್, ಗೊತ್ತು. ಆದರೂ ಎರಡು ಕೆಲಸ ಮಾಡಿ. ಸಪ್ಲೈಯರ್ ಬರೆದ ಹೆಸರನ್ನು ಯಾವತ್ತೂ ಅಳಿಸಬೇಡಿ, ತಿದ್ದಬೇಡಿ, ಕಾಗುಣಿತ ತಪ್ಪಿದ್ದರೂ ಹಾಗೇ ಇರಲಿ. ನಿಮ್ಮ ಹೆಸರು ಪಕ್ಕದ ಕಾಲಂನಲ್ಲಿ. ಎರಡನೆಯದು, ಮಾರುವವನ ಹೆಸರು ಬೇರೆ, ತಯಾರಕನ ಹೆಸರು ಬೇರೆ ಕಾಲಂ. ಸಿಓಎ (ಬ್ಯಾಚ್ ಪರೀಕ್ಷೆಯ ಸರ್ಟಿಫಿಕೇಟ್) ತಯಾರಕನದೇ ಇರಬೇಕು, ಬ್ಯಾಚ್ ನಂಬರ್ ಡ್ರಮ್ ಮೇಲಿನದಕ್ಕೆ ತಾಳೆಯಾಗಬೇಕು.

ಹಳೇ_ಟ್ರೇಡರ್
ಈ ಮಾತಿಗೆ ನನ್ನ ತಕರಾರಿಲ್ಲ. ಸಿಓಎ ಮರುಟೈಪ್ ಮಾಡುವವರನ್ನು ಕಂಡರೆ ನಮಗೂ ಆಗಲ್ಲ.

ಪೀಣ್ಯ_ಹುಡುಗ
@ಕಡಲ_ಫಾರ್ಮಾ ಓದಿ ಸುಮ್ಮನೆ ಕೂತುಬಿಟ್ಟೆ ಸಾರ್. ನಾನು ನಿನ್ನೆ ರಾತ್ರಿ ಪೂರ್ತಿ ಕೂತು ಸಪ್ಲೈಯರ್ ಹೆಸರುಗಳನ್ನೇ ತಿದ್ದಿದ್ದೆ. ವಾಪಸ್ ಹಳೇ ಫೈಲ್ ತೆಗೆಯುತ್ತಿದ್ದೇನೆ.

ರೈನ್_ದಡದಿಂದ
ಜರ್ಮನಿಯಲ್ಲಿ ಕೆಮಿಕಲ್ ಡಿಸ್ಟ್ರಿಬ್ಯೂಷನ್‌ನಲ್ಲಿದ್ದೇನೆ, ಊರು ದಾವಣಗೆರೆ. ಎನ್‌ಪಿ-9 ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಿಮ್ಮ ಕಸ್ಟಮರ್‌ನ ಬಯ್ಯರ್ ಹಟ ಹಿಡಿಯಲು ಕಾರಣ ಇದೆ. ನೀರಿನಲ್ಲಿ ಒಗೆಯುವ ಬಟ್ಟೆಯಲ್ಲಿ ನೋನೈಲ್‌ಫೀನಾಲ್ ಇಥಾಕ್ಸಿಲೇಟ್ (ಎನ್‌ಪಿ-9 ಈ ಜಾತಿಯದೇ) ತೂಕದ 0.01 ಪರ್ಸೆಂಟ್ ಅಥವಾ ಜಾಸ್ತಿ ಇದ್ದರೆ 2021ರ ಫೆಬ್ರವರಿ 3ರಿಂದ ಯುರೋಪಿನಲ್ಲಿ ಮಾರುವ ಹಾಗಿಲ್ಲ. ಅದು ನದಿಗೆ ಸೇರಿ ಒಡೆದಾಗ ಉಳಿಯುವ ನೋನೈಲ್‌ಫೀನಾಲ್ ಮೀನುಗಳ ಹಾರ್ಮೋನ್ ಕೆಡಿಸುತ್ತದೆ.

ಇಲ್ಲಿ ಕ್ಯಾಸ್ ನಂಬರ್ ಹಿಡಿದು ಹೊರಟರೆ ಉಪಯೋಗವಿಲ್ಲ. ನಿಮಗೆ ಬೇಕಿರುವುದು ಅದೇ ಕೆಮಿಕಲ್ ಅಲ್ಲ, ಅದೇ ಕೆಲಸ ಮಾಡುವ ಬೇರೆ ಕೆಮಿಕಲ್. ನಿಮ್ಮ ಥಯೋಸಲ್ಫೇಟ್ ಪ್ರಶ್ನೆ ಬೇರೆ, ಇದು ಬೇರೆ. ಎರಡನ್ನೂ 'ಬದಲಿ' ಅಂತ ಒಂದೇ ಹೆಸರಿನಲ್ಲಿ ಕರೆದಿದ್ದೀರಿ. ಹೈಪೋ ಕಥೆಯೇ ಇದೂ!

ಪೀಣ್ಯ_ಹುಡುಗ
ಹೌದಲ್ವಾ. ಸಿಕ್ಕಿಬಿದ್ದೆ.

ಟೈಟ್ರೇಷನ್_ಅಕ್ಕ
ಇದಕ್ಕೆ ನಾನು ಸೇರಿಸುತ್ತೇನೆ. ಸರ್ಫ್ಯಾಕ್ಟಂಟ್ ಆದರೆ ಎಚ್‌ಎಲ್‌ಬಿ (ನೀರಿನ ಕಡೆಗೋ ಎಣ್ಣೆಯ ಕಡೆಗೋ ಅದರ ಒಲವು ಎಷ್ಟು ಅನ್ನುವ ಅಂಕಿ) ಲೆಕ್ಕ ಹಾಕಿ, ಕಷ್ಟ ಏನಿಲ್ಲ. ಎಥಿಲೀನ್ ಆಕ್ಸೈಡ್ ಒಂದಕ್ಕೆ ತೂಕ 44. ಎನ್‌ಪಿ-9ರಲ್ಲಿ ಒಂಬತ್ತು, ಅಂದರೆ 396. ನೋನೈಲ್‌ಫೀನಾಲ್ 220. ಒಟ್ಟು 616. 396 ಭಾಗಿಸು 616, ಗುಣಿಸು 20. ಬಂದದ್ದು 12.9. ಈಗ ಲಾರಿಲ್ ಆಲ್ಕೋಹಾಲ್‌ಗೆ ಮಾಡಿ, ಅದರ ತೂಕ 186. ಏಳು ಮೋಲ್‌ನದಕ್ಕೆ (ಅಂದರೆ ಏಳು ಎಥಿಲೀನ್ ಆಕ್ಸೈಡ್ ಸೇರಿಸಿದ್ದಕ್ಕೆ) 12.5, ಒಂಬತ್ತು ಮೋಲ್‌ನದಕ್ಕೆ 13.6 ಬರುತ್ತದೆ. ನಿಮ್ಮದು ಎರಡರ ಮಧ್ಯೆ ಇದೆ. ಮೊದಲು ಏಳನ್ನೇ ಟ್ರೈ ಮಾಡಿ.

ಲೆಕ್ಕ ಸರಿ ಬಂತು ಅಂತ ನೇರ ಬ್ಯಾಚ್‌ಗೆ ಹಾಕಬೇಡಿ. ಕ್ಲೌಡ್ ಪಾಯಿಂಟ್ (ಬಿಸಿಗೆ ದ್ರಾವಣ ಮಂಕಾಗುವ ಹಂತ), ನೊರೆ, ಒದ್ದೆ ಮಾಡುವ ಶಕ್ತಿ ಮೂರೂ ಬೀಕರ್‌ನಲ್ಲಿ ನೋಡಿ. ಅರ್ಧ ಲೀಟರ್ ಸ್ಯಾಂಪಲ್ ಯಾರೂ ಇಲ್ಲ ಅನ್ನಲ್ಲ.

ವಾಷಿಂಗ್_ಮಾಸ್ಟರ್
ಒಂಬತ್ತು ಮೋಲ್ ತರಿಸಿದರೆ ಚಳಿಗಾಲದ ಬೆಳಗ್ಗೆ ಡ್ರಮ್ ಮುಚ್ಚಳ ತೆಗೆದು ನೋಡಿ, ಬೆಣ್ಣೆ. ಬಿಸಿಲಿಗೆ ಇಟ್ಟು ಕಾಯಬೇಕು. ನೀರಿಗೆ ಹಾಕುವಾಗಲೂ ಆತುರ ಪಟ್ಟರೆ ಜೆಲ್ ಕಟ್ಟಿ ಮಿಕ್ಸರ್ ನಿಂತುಬಿಡುತ್ತದೆ. ಎನ್‌ಪಿ-9 ಡ್ರಮ್‌ನಲ್ಲಿ ಅಷ್ಟು ಬೇಗ ಗಟ್ಟಿಯಾಗಲ್ಲ, ಸುರಿದರೆ ಸುರಿಯಿತು. ಡೇಟಾ ಶೀಟಿನಲ್ಲಿ ಇದು ಇದ್ದರೂ ಯಾರೂ ಓದಲ್ಲ, ಮಿಕ್ಸರ್ ನಿಂತ ಮೇಲೆ ಓದುತ್ತಾರೆ.

ರೈನ್_ದಡದಿಂದ
ಒಂದು ಎಚ್ಚರಿಕೆ. ಬದಲಿ ಹುಡುಕುವ ಅವಸರದಲ್ಲಿ ಹಳೆಯದಕ್ಕಿಂತ ಕೆಟ್ಟದ್ದನ್ನು ತರಬಾರದು. ಕ್ಯಾಲಿಫೋರ್ನಿಯಾದಲ್ಲಿ ಕಾರ್ ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ಸಾಲ್ವೆಂಟ್ ಬೇಡ ಅಂತ ಎನ್-ಹೆಕ್ಸೇನ್ ಇರುವುದು ಬಂತು. ಚೆನ್ನಾಗಿ ಆರುತ್ತಿತ್ತು. ಆಮೇಲೆ ಮೆಕ್ಯಾನಿಕ್‌ಗಳಿಗೆ ಕೈಕಾಲು ಜೋಮು, ನರದ ತೊಂದರೆ. ನಿಮ್ಮ ಶೀಟಿನಲ್ಲಿ ಅಪಾಯದ ಕಾಲಂ ಕೂಡ ಇರಲಿ. ಎಸ್‌ಡಿಎಸ್‌ನಲ್ಲಿ (ಮೇಲೆ ಹೇಳಿದ ಎಂಎಸ್‌ಡಿಎಸ್ಸೇ) 16 ಭಾಗ ಇರುತ್ತದೆ. ಎರಡನೆಯದು ಅಪಾಯ, ಮೂರನೆಯದು ಒಳಗೆ ಏನಿದೆ, ಒಂಬತ್ತನೆಯದು ಭೌತಿಕ ಗುಣ. ಈ ಮೂರು ನೋಡಿದರೆ ನಿಮ್ಮ ಅರ್ಧ ಶೀಟ್ ತುಂಬುತ್ತದೆ.

ಕೋಡ್_ಕೋಸಂಬರಿ
ಮೂರನೇ ಭಾಗದಲ್ಲಿ 'ಟ್ರೇಡ್ ಸೀಕ್ರೆಟ್' ಅಂತ ಇದ್ದರೆ?

ರೈನ್_ದಡದಿಂದ
ಆ ಸಾಲನ್ನು ಖಾಲಿ ಬಿಡಿ, ಊಹೆ ಮಾಡಬೇಡಿ. ಖಾಲಿ ಇದ್ದರೆ ಯಾರಾದರೂ ಕೇಳುತ್ತಾರೆ. ಊಹೆ ತುಂಬಿದ್ದರೆ ಯಾರೂ ಕೇಳಲ್ಲ.

ಎಕ್ಸೆಲ್_ಭಟ್ಟ
ರೇಟು ಹೋಲಿಸುವಾಗ ಕೆಜಿ ರೇಟು ನೋಡಬೇಡಿ, ಅಸಲಿ ಮಾಲಿನ ರೇಟು ನೋಡಿ. ಲೆಕ್ಕಕ್ಕೆ ಹೇಳುತ್ತೇನೆ, ಇವತ್ತಿನ ರೇಟಲ್ಲ. ಎಸ್‌ಎಲ್‌ಇಎಸ್ (ನೊರೆ ಬರಿಸುವ ಕೆಮಿಕಲ್) 70% ಪೇಸ್ಟ್ 112 ರೂಪಾಯಿ, 28% ಲಿಕ್ವಿಡ್ 49 ರೂಪಾಯಿ ಅಂದುಕೊಳ್ಳಿ. ಕಣ್ಣಿಗೆ 49 ಸಸ್ತಾ. 112ನ್ನು 0.70ರಿಂದ ಭಾಗಿಸಿದರೆ 160, 49ನ್ನು 0.28ರಿಂದ ಭಾಗಿಸಿದರೆ 175. ಲಾರಿಯಲ್ಲಿ ನೀರಿಗೂ ಬಾಡಿಗೆ ಕೊಡುತ್ತಿದ್ದೀರಿ.

ವಾಷಿಂಗ್_ಮಾಸ್ಟರ್
70% ಪೇಸ್ಟ್ ಕರಗಿಸಲು ಹುಡುಗರ ಅರ್ಧ ದಿನ ಹೋಗುತ್ತದೆ ಅನ್ನುವುದನ್ನೂ ಭಾಗಿಸಿ ಭಟ್ರೇ.

ಪೀಣ್ಯ_ಹುಡುಗ
ಅಪ್‌ಡೇಟ್. ಭಾನುವಾರ ಬೆಳಗ್ಗೆಯಿಂದ ಅಪ್ಪನ ಜೊತೆ ಕೂತೆ. 3,800ರಲ್ಲಿ ನಾವು ನಿಜವಾಗಿ ಕೊಳ್ಳುವುದು 62 ಐಟಂ ಅಂತ ಅವರೇ ಹೇಳಿದರು. "ಊರಿನ ಲಿಸ್ಟ್ ಎಲ್ಲ ಯಾಕೋ ತಿದ್ದುತ್ತೀಯ, ನಮ್ಮದು ಮಾಡು" ಅಂದರು. ನನಗೆ ಇದು ಹೊಳೆದೇ ಇರಲಿಲ್ಲ.

62ಕ್ಕೂ ನೀವು ಹೇಳಿದ ಕಾಲಂ ಹಾಕಿದೆ. ಅಪ್ಪನ ಹೆಸರಿಗೇ ಒಂದು ಕಾಲಂ. ಅದರಲ್ಲಿ 'ಚುರುಚುರು' (ಕಾಸ್ಟಿಕ್ ಫ್ಲೇಕ್ಸ್), 'ನೀಲಿ ಡ್ರಮ್', 'ಮೂಗು ಮುಚ್ಚೋದು' (ಅಮೋನಿಯ) ಎಲ್ಲ ಬಂದಿವೆ. ಕೊನೆಯ ಕಾಲಂ 'ನಮ್ಮಲ್ಲಿ ಏನು ಕೆಲಸಕ್ಕೆ'. ಅದನ್ನು ತುಂಬುವಾಗ ಅಪ್ಪ ಐದು ಐಟಂಗೆ "ಇದು ಯಾಕೆ ಹಾಕ್ತಿದ್ವಿ ಅಂತ ನನಗೂ ಗೊತ್ತಿಲ್ಲ, ಮೊದಲಿಂದ ಹಾಕ್ತಿದ್ವಿ" ಅಂದರು. ಅವನ್ನು ಖಾಲಿ ಬಿಟ್ಟಿದ್ದೇನೆ. ಏಳು ಮೋಲ್‌ನ ಸ್ಯಾಂಪಲ್ ಇಬ್ಬರ ಹತ್ರ ಕೇಳಿದ್ದೇನೆ, ಬುಧವಾರ ಬರುತ್ತದೆ.

ಡ್ರಮ್_ಖಾಲಿ
ಅದೆಲ್ಲ ಸರಿ. ಎಸ್‌ಎಸ್ ಪೌಡರ್?

ಪೀಣ್ಯ_ಹುಡುಗ
ಓ, ಮರೆತೆ. ಫೋನ್ ಮಾಡಿ ಕೇಳಿದೆ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ ಉಜ್ಜುವ ಪುಡಿಯಂತೆ. ಒಳಗೆ ಏನಿದೆ ಅಂದೆ. "ಅದೇ ಸ್ಪೆಷಲ್ಲು ಸಾರ್" ಅಂದರು.

ವಾಷಿಂಗ್_ಮಾಸ್ಟರ್
@ಡ್ರಮ್_ಖಾಲಿ ಬಜ್ಜಿ ಎಲ್ಲಿ?

ಡ್ರಮ್_ಖಾಲಿ
ಒಳಗೆ ಸೋಡಿಯಂ ಸಲ್ಫೇಟ್ ಇಲ್ಲ ಅಂತ ಯಾರು ಹೇಳಿದ್ದು? ಎಸ್‌ಡಿಎಸ್ ತರಿಸಿ, ಮೂರನೇ ಭಾಗ ನೋಡೋಣ.